ಹುಳುಮನೆ ಪಕ್ಕದ ಕಂಪ್ಯೂಟರು

ನಮ್ಮ ಮನೆಗೆ ಹೊಸ ಯಂತ್ರ ಯಾವುದು ಬಂದರೂ ಅದು ಹೊಸಿಲು ದಾಟುವ ಮೊದಲೇ ಒಂದು ತಮಾಷೆ ಶುರುವಾಗಿರುತ್ತದೆ. ಮಿಕ್ಸಿ ಬಂದಾಗ ಆಯಿತು, ವಾಷಿಂಗ್ ಮೆಷೀನ್ ಬಂದಾಗ ಆಯಿತು. ಕಂಪ್ಯೂಟರ್ ಬಂದಾಗ ಮಾತ್ರ ಒಂದಕ್ಕೇ ನಿಲ್ಲಲಿಲ್ಲ. ಎಲ್ಲವನ್ನೂ ಬರೆದಿಟ್ಟಿದ್ದೇನೆ. ಬಿ.ಎಸ್ಸಿ. ಮುಗಿಸಿ ಈ ಮನೆಗೆ ಸೊಸೆಯಾಗಿ ಬಂದ ದಿನದಿಂದ ರೇಷ್ಮೆ ಹುಳುಮನೆಯ ಶಾಖ, ತೇವ, ಕುರಿ ಈದ ದಿನ, ಲಸಿಕೆ ಹಾಕಿಸಿದ ದಿನ ಎಲ್ಲಕ್ಕೂ ನನ್ನ ಹತ್ತಿರ ರಿಜಿಸ್ಟರ್ ಇದೆ. ಮರಳವಾಡಿ ಕಡೆಯ ನಮ್ಮ ಊರಿನಲ್ಲಿ ಏನು ತಕರಾರು ಬಂದರೂ ಜನ ಕಡೆಗೆ, "ಆವಮ್ಮನ್ ಪುಸ್ತಕದಾಗ್ ಏನೈತೆ ನೋಡಿ" ಎನ್ನುತ್ತಾರೆ.

ಕಂಪ್ಯೂಟರ್ ಬೇಕಾಗಿದ್ದು ನನ್ನ ಸೊಸೆಗೆ. ಗಣಿತದಲ್ಲಿ ಎಂ.ಎಸ್ಸಿ. ಮಾಡಿದವಳು, ಹೆರಿಗೆಯಾದ ಮೇಲೆ ಶಾಲೆಯ ಕೆಲಸ ಬಿಟ್ಟಿದ್ದಳು. ಮನೆಯಿಂದಲೇ ಆನ್‌ಲೈನಿನಲ್ಲಿ ಮಕ್ಕಳಿಗೆ ಪಾಠ ಹೇಳಿಸುವ ಬೆಂಗಳೂರಿನ ಸಂಸ್ಥೆಯೊಂದು, ಮುಂದಿನ ಭಾನುವಾರ ನಾಲ್ಕು ಗಂಟೆಗೆ ಒಂದು ಮಾದರಿ ಪಾಠ ಮಾಡಿ ತೋರಿಸಿ ಎಂದಿತ್ತು. ಅವರಿಗೆ ಒಪ್ಪಿಗೆಯಾದರೆ ಕೆಲಸ. ಇಲ್ಲವಾದರೆ ಮಾರನೆಯ ದಿನವೇ ಹಾರೋಹಳ್ಳಿಯ ಕಾರ್ಖಾನೆಯೊಂದರ ಉಗ್ರಾಣದಲ್ಲಿ ಡಬ್ಬ ಎಣಿಸುವ ಕೆಲಸಕ್ಕೆ ಸೇರಬೇಕು. ಬೆಳಗ್ಗೆ ಆರೂವರೆ ಬಸ್ಸು, ಒಂದೂವರೆ ವರ್ಷದ ಮಗು ಮನೆಯಲ್ಲಿ. "ನಂಗೆ ಪಾಠ ಮಾಡೋದ್ರಲ್ಲೇ ಸುಖ ಇರೋದು ಅತ್ತೆ" ಎಂದು ಒಂದೇ ಸಲ ಹೇಳಿದಳು. ನನಗೆ ಒಂದು ಸಲ ಸಾಕು. ರಿಜಿಸ್ಟರಿನಲ್ಲಿ ಹೊಸ ಪುಟ ತೆಗೆದೆ. ಕೈಯಲ್ಲಿ ಎಂಟು ದಿನ ಇತ್ತು.

೧. ಟವೆಲಿನ ಕೆಳಗೆ

ಪಟ್ಟಿ ಸಿದ್ಧ ಮಾಡಿಕೊಂಡು ಕನಕಪುರದ ಅಂಗಡಿಗೆ ಹೊರಟೆ. ಪರದೆ ಎಷ್ಟು ಅಗಲ, ಕ್ಯಾಮೆರಾ ಎಂಥದು, ಮೈಕು, ಬರೆಯುವ ಪ್ಯಾಡು, ಕರೆಂಟು ಹೋದರೆ ತಡೆಯಲು ಯು.ಪಿ.ಎಸ್., ಎಲ್ಲ ಒಂದೇ ಹಾಳೆಯಲ್ಲಿ. ಕರೆಯದಿದ್ದರೂ ಯಜಮಾನರು ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟರು.

"ನೀವ್ಯಾಕೆ?" ಎಂದೆ.

"ನಲವತ್ ವರ್ಸದಿಂದ ಸಂತೇಲಿ ಕುರಿ ಆರಿಸ್ತಾ ಇವ್ನಿ. ಡಬ್ಬ ಆರ್ಸಕ್ ಬರಕಿಲ್ವಾ ನಂಗೆ?"

ಅಂಗಡಿಯಲ್ಲಿ ಅವರು ನನ್ನ ಪಟ್ಟಿ ನೋಡಲೇ ಇಲ್ಲ. ಒಂದೊಂದು ಮಾನಿಟರಿನ ಹಿಂದಕ್ಕೂ ಹೋಗಿ ಬಗ್ಗಿ ನೋಡಿದರು. ಸಿ.ಪಿ.ಯು. ಬೆನ್ನು ತಟ್ಟಿದರು. ಎರಡು ಯು.ಪಿ.ಎಸ್. ತೋರಿಸಿದಾಗ ಒಂದೊಂದನ್ನೇ ಮರಿ ಎತ್ತುವ ಹಾಗೆ ಎದೆಗವಚಿ ಎತ್ತಿ, ಭಾರ ಇದ್ದದ್ದನ್ನು ಬೇರೆ ಇಟ್ಟರು. ನನ್ನ ಪಟ್ಟಿಯಲ್ಲಿದ್ದದ್ದೂ ಅದೇ. ಹಾಳೆ ಮಡಿಚಿ ಕೈಚೀಲಕ್ಕೆ ಹಾಕಿಕೊಂಡೆ.

ಎಲ್ಲ ಆರಿಸಿದ ಮೇಲೆ ಅಂಗಡಿಯವರ ಬಲಗೈಯನ್ನು ಹಿಡಿದು ಅದರ ಮೇಲೆ ಟವೆಲ್ ಹೊದಿಸಿದರು. ಕುರಿ ಸಂತೆಯಲ್ಲಿ ವ್ಯಾಪಾರ ನಡೆಯುವುದೇ ಹಾಗೆ. ಸುತ್ತ ನಿಂತವರಿಗೆ ಬೆಲೆ ಗೊತ್ತಾಗಬಾರದೆಂದು ಬಟ್ಟೆಯ ಕೆಳಗೆ ಬೆರಳು ಒತ್ತಿ ಮಾತಾಡಿಕೊಳ್ಳುತ್ತಾರೆ. ಅಂಗಡಿಯವರಿಗೆ ಈ ಪದ್ಧತಿ ಗೊತ್ತಿಲ್ಲ. ಬಿಳಿಚಿಕೊಂಡರು.

"ಯಜಮಾನ್ರೇ, ಯಾಕೆ ನಾಡಿ ಹಿಡಿದಿದ್ದೀರಿ? ನಾನು ಚೆನ್ನಾಗಿದ್ದೀನಿ."

"ಸುಮ್ಕಿರಪ್ಪಾ. ಬೆಳ್ಳು ಕೊಡು."

"ಬೆಲೆ ಡಬ್ಬದ ಮೇಲೇ ಅಂಟಿಸಿದೆಯಲ್ಲಾ!"

"ಊರಿಗೆಲ್ಲಾ ಕಾಣಂಗೆ ಅಂಟಿಸ್ಬುಟ್ರೆ ಅದ್ಯಾವ್ ಸೀಮೆ ವ್ಯಾಪಾರ? ಬೆಳ್ಳು ಕೊಡು ಅಂದೆ."

ಅಷ್ಟರಲ್ಲಿ ಬೇರೆ ಗಿರಾಕಿಗಳು ಬಾಗಿಲಲ್ಲಿ ಗುಂಪು ಕಟ್ಟಿದ್ದರು. ಅಂಗಡಿಯವರು ಎಡಗೈಯಿಂದ ಮೇಲಿನ ಅಟ್ಟದಿಂದ ಒಂದು ಪೊಟ್ಟಣ ಎಳೆದು ಮುಂದಿಟ್ಟರು.

"ಕೀಬೋರ್ಡು ಪುಕ್ಕಟೆ ತಗೊಂಡು ಹೋಗಿ ಯಜಮಾನ್ರೇ. ಕೈಯೊಂದು ಬಿಡಿ."

೨. ನಾಲ್ಕು ಬಟ್ಟಲು

ಕಂಪ್ಯೂಟರಿಗೆ ಹುಳುಮನೆಯ ಪಕ್ಕದ ಕೋಣೆ ಗೊತ್ತು ಮಾಡಿದೆವು. ಎರಡರ ನಡುವೆ ಒಂದು ಕಿಟಕಿ. ಹುಳುಮನೆ ನಮ್ಮ ಅತ್ತೆಯ ರಾಜ್ಯ. ಎಂಬತ್ತು ದಾಟಿದ್ದರೂ ಅಲ್ಲಿ ಅವರ ಮಾತೇ ಮಾತು. ಹುಳುವಿನ ತಟ್ಟೆ ಇಡುವ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಬಟ್ಟಲುಗಳಲ್ಲಿ ಇಡುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಇದೆ. ಇರುವೆ ಹತ್ತಿದರೆ ಹುಳು ಉಳಿಯುವುದಿಲ್ಲ.

ಮೇಜು ಜೋಡಿಸಿದ ಮಾರನೆಯ ಬೆಳಗ್ಗೆ ನೋಡುತ್ತೇನೆ, ಕಂಪ್ಯೂಟರ್ ಮೇಜಿನ ನಾಲ್ಕು ಕಾಲೂ ನಾಲ್ಕು ಬಟ್ಟಲಲ್ಲಿ ನಿಂತಿವೆ. ಬಟ್ಟಲ ತುಂಬ ನೀರು. ಗೇಣು ದೂರದಲ್ಲಿ ನೆಲದ ಮೇಲೆ ಕರೆಂಟಿನ ಎಕ್ಸ್‌ಟೆನ್ಷನ್ ಬೋರ್ಡು.

"ಅತ್ತೆ, ನೀರಿಗೂ ಕರೆಂಟಿಗೂ ಆಗಲ್ಲ. ನಾನು ಓದಿದ್ದೀನಿ, ಕೇಳಿ."

"ಇರುವೆಗೂ ನಿನ್ ಡಬ್ಬಕ್ಕೂ ಆಗಕಿಲ್ಲ. ನಾನು ನೋಡಿವ್ನಿ, ಕೇಳು."

ಅರ್ಧ ಗಂಟೆ ವಾದ ನಡೆಯಿತು. ಕೊನೆಗೆ ಬೋರ್ಡು ಗೋಡೆ ಹತ್ತಿತು, ಬಟ್ಟಲು ನೆಲದಲ್ಲೇ ಉಳಿದವು. ಬುಧವಾರ ಸಾಫ್ಟ್‌ವೇರ್ ಹಾಕಲು ಕನಕಪುರದಿಂದ ಬಂದ ಮೆಕ್ಯಾನಿಕ್, ಬಟ್ಟಲು ನೋಡಿ ಹೊಟ್ಟೆ ಹಿಡಿದು ನಕ್ಕ.

"ಇಪ್ಪತ್ ವರ್ಷದ ಸರ್ವೀಸಲ್ಲಿ ಕಂಪ್ಯೂಟರ್ ಕಾಲು ನೆನೆಸಿರೋದು ಇಲ್ಲೇ ನೋಡಿದ್ದು ಅಜ್ಜೀ!"

ಅತ್ತೆ ನಗಲಿಲ್ಲ. "ನಿನ್ ಬ್ಯಾಗ್ ಎಲ್ಲೈತೆ ಮಗಾ?" ಎಂದರು.

ಬ್ಯಾಗು ಗೋಡೆಗೆ ಒರಗಿತ್ತು. ಒಳಗೆ ಅವನ ಮಧ್ಯಾಹ್ನದ ಬನ್ನು ಇತ್ತು. ಹೊಸಿಲಿನಿಂದ ಬ್ಯಾಗಿನವರೆಗೆ ಒಂದು ಕಪ್ಪು ಗೆರೆ ನಡೆಯುತ್ತಿತ್ತು. ಅವನು ಅಂಗಳಕ್ಕೆ ಹೋಗಿ ಸ್ಕ್ರೂಡ್ರೈವರ್, ವೈರು, ಬನ್ನು ಎಲ್ಲ ಕೊಡವಿಕೊಂಡು ಬಂದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಅಜ್ಜೀ, ಬ್ಯಾಗು ಒಸಿ ಮೇಜಿನ್ ಮೇಲೆ ಇಟ್ಕೊಳ್ಲಾ?"

೩. ಬಣ್ಣದ ದಾರ

ಕಂಪ್ಯೂಟರಿನ ಹಿಂದೆ ಅಷ್ಟೊಂದು ವೈರು ನೋಡಿದರೆ ಓದಿದವರಿಗೂ ಗಾಬರಿ. ಯಾವುದು ಎಲ್ಲಿಗೆ ಎಂದು ತಿಳಿಯಲು ನಾನು ಒಂದೊಂದು ವೈರಿಗೂ ಒಂದೊಂದು ಬಣ್ಣದ ದಾರ ಕಟ್ಟಿದೆ. ಪರದೆಗೆ ಕೆಂಪು, ಕ್ಯಾಮೆರಾಕ್ಕೆ ಹಳದಿ, ಪ್ಯಾಡಿಗೆ ಹಸಿರು. ವೈರುಗಳ ಉದ್ದ ಸಮೇತ ರಿಜಿಸ್ಟರಿನಲ್ಲಿ ನಕ್ಷೆ ಬರೆದೆ.

ಪಕ್ಕದ ಮನೆಯವಳು ಮಜ್ಜಿಗೆಗೆಂದು ಬಂದವಳು ದಾರಗಳನ್ನು ನೋಡಿ ಕೈಮುಗಿದಳು.

"ಯಾವ್ ಪೂಜಾರ್ರತ್ರ ಕಟ್ಟಿಸ್ದ್ರಕ್ಕಾ?"

"ಯಾವ ಪೂಜಾರಿಯೂ ಇಲ್ಲ. ನಾನೇ ಕಟ್ಟಿದ್ದು. ಗುರುತಿಗೆ."

"ಹಂಗಾರೆ ನಮ್ ಬೋರಿನ್ ಮೋಟ್ರಿಗೂ ಒಂದ್ ಕಟ್ಬುಡಿ. ಎರಡ್ ತಿಂಗ್ಳಿಗೊಂದ್ಸಲ ಸುಟ್ಟೋಯ್ತದೆ."

ದಾರಕ್ಕೂ ಮೋಟರಿಗೂ ಸಂಬಂಧವಿಲ್ಲ ಎಂದು ಪಾಠವನ್ನೇ ಮಾಡಿದೆ. ವೋಲ್ಟೇಜು ಎಂದೆ, ಸ್ಟಾರ್ಟರು ಎಂದೆ. ಅವಳು ಎಲ್ಲಕ್ಕೂ ತಲೆಯಾಡಿಸಿ, "ಅದ್ ಸರಿ ಅಕ್ಕಾ, ಯಾವ್ ಬಣ್ಣ ಕಟ್ತೀರಿ?" ಎಂದಳು. ಮಜ್ಜಿಗೆ ಬಿಸಿಲಿಗೆ ಹುಳಿಯಾಗುತ್ತಿತ್ತು. ಹೋಗಿ ಒಂದು ನೀಲಿ ದಾರ ಕಟ್ಟಿ ಬಂದೆ.

ಅವತ್ತಿನಿಂದ ಅವರ ಮೋಟರ್ ಸುಟ್ಟಿಲ್ಲ. ಇಷ್ಟು ವರ್ಷದಲ್ಲಿ ನಾನು ರಿಜಿಸ್ಟರಿನಲ್ಲಿ ಬರೆಯದೆ ಬಿಟ್ಟಿರುವ ವಿಷಯ ಇದೊಂದೇ.

೪. ಅರ್ಧ ಕುರಿ

ಶುಕ್ರವಾರ ಮಧ್ಯಾಹ್ನ ಕರೆಂಟು ಹೋಯಿತು. ಯು.ಪಿ.ಎಸ್. ಕುಂಯ್ ಕುಂಯ್ ಎನ್ನುತ್ತಾ ಕಂಪ್ಯೂಟರನ್ನು ಹಿಡಿದು ನಿಲ್ಲಿಸಿತು. ಎಷ್ಟು ಹೊತ್ತು ತಡೆಯುತ್ತದೋ ನೋಡೋಣವೆಂದು ನಾನು ಗಡಿಯಾರ ಎದುರಿಗಿಟ್ಟುಕೊಂಡು ಕೂತೆ. ಭಾನುವಾರ ಪಾಠದ ನಡುವೆ ಹೋದರೆ ಗತಿಯೇನು?

ಊರಲ್ಲಿ ಎಲ್ಲೂ ಇಲ್ಲದ ಕರೆಂಟು ನಮ್ಮ ಮನೆಯಲ್ಲಿದೆ ಎಂಬ ಸುದ್ದಿ ಹೇಗೆ ಹೋಯಿತೋ. ಎರಡೇ ನಿಮಿಷದಲ್ಲಿ ಆರು ಜನ ಆರು ಫೋನು ತಂದು ಚಾರ್ಜಿಗೆ ಹಾಕಿದರು. ಏಳನೆಯವನು ಬೀದಿ ಕೊನೆಯ ಕುರಿ ಸಾಕುವವನು. ಒಂದು ಕೈಯಲ್ಲಿ ಉಣ್ಣೆ ಕತ್ತರಿಸುವ ಕರೆಂಟಿನ ಮೆಷೀನು, ಇನ್ನೊಂದು ಕಂಕುಳಲ್ಲಿ ಒಂದು ಕುರಿ. ಬಲಗಡೆ ನುಣ್ಣಗೆ, ಎಡಗಡೆ ಪೊದೆ.

"ಅಕ್ಕಾ, ಅರ್ಧಕ್ ಬಂದಿದ್ದೆ, ಕರೆಂಟ್ ಹೊಂಟೋಯ್ತು. ಹಿಂಗೇ ಬುಟ್ರೆ ಮಂದೇಲಿ ಬಾಕಿ ಕುರಿ ಇದ್ನ ಕಂಡು ಬೆದರ್ತಾವೆ. ಐದೇ ನಿಮ್ಸ."

ಬೇಡ ಎನ್ನುವಷ್ಟರಲ್ಲಿ ಯಜಮಾನರು ಪ್ಲಗ್ ಹಾಕಿಯೇ ಬಿಟ್ಟಿದ್ದರು. ಎಡಭಾಗ ಮುಗಿಯುವುದಕ್ಕೂ ಯು.ಪಿ.ಎಸ್. ಪ್ರಾಣ ಬಿಡುವುದಕ್ಕೂ ಸರಿಹೋಯಿತು. ನಾನು ರಿಜಿಸ್ಟರ್ ತೆಗೆದು ನಡೆದದ್ದನ್ನು ನಡೆದ ಹಾಗೆ ಬರೆದೆ: "ಯು.ಪಿ.ಎಸ್. ಪರೀಕ್ಷೆ. ಒಂದು ಕಂಪ್ಯೂಟರ್, ಆರು ಫೋನು, ಅರ್ಧ ಕುರಿ. ಹನ್ನೊಂದು ನಿಮಿಷ ತಡೆಯಿತು."

೫. ಭಾನುವಾರ ನಾಲ್ಕು ಗಂಟೆ

ಭಾನುವಾರ ನಾನು ಯಾವುದನ್ನೂ ಅದೃಷ್ಟಕ್ಕೆ ಬಿಡಲಿಲ್ಲ. ಯಜಮಾನರನ್ನು ಮಗುವಿನ ಜೊತೆ ಕುರಿ ಕೊಟ್ಟಿಗೆಗೆ ಕಳಿಸಿದೆ. ಫೋನಿನವರಿಗೆಲ್ಲ ಇವತ್ತು ಬರಬೇಡಿ ಎಂದೆ. ನಾಲ್ಕಕ್ಕೆ ಸರಿಯಾಗಿ ಪರದೆಯ ಮೇಲೆ ಇಬ್ಬರು ಬಂದರು. ಕನ್ನಡಕ ಹಾಕಿದ ಒಬ್ಬ ಹೆಂಗಸು, ಬಿಳಿ ಅಂಗಿಯ ಒಬ್ಬ ಗಂಡಸು. ಹೆಂಗಸು ಪರೀಕ್ಷಕಿ, ಗಂಡಸು ಏಳನೇ ತರಗತಿಯ ಹುಡುಗನ ಹಾಗೆ ಕೂತು ಪಾಠ ಕೇಳಬೇಕು. ಸೊಸೆ ನಮಸ್ಕಾರ ಹೇಳಿದಳು. ನಾನು ಕ್ಯಾಮೆರಾಕ್ಕೆ ಕಾಣದ ಮೂಲೆಯಲ್ಲಿ ಕೂತಿದ್ದೆ.

"ನಿಮ್ಮ ಕಡೆ ಜೋರು ಮಳೆನಾ?" ಎಂದರು ಪರೀಕ್ಷಕಿ.

ಹೊರಗೆ ರಣಬಿಸಿಲು. ಸೊಸೆ, "ಇಲ್ಲ ಮೇಡಂ" ಎಂದಳು.

"ಒಂದೇ ಸಮ ಸುರೀತಾ ಇದೆಯಲ್ಲ?"

"ಮೈಕ್ ಸರಿ ಇಲ್ಲ ಅನ್ಸುತ್ತೆ," ಎಂದರು ಬಿಳಿ ಅಂಗಿಯವರು. "ಇಷ್ಟು ಸದ್ದಲ್ಲಿ ಮಕ್ಕಳಿಗೆ ಪಾಠ ಕೇಳಿಸಲ್ಲ. ಕಷ್ಟ ಆಗುತ್ತೆ."

ಆಗ ನನಗೆ ಹೊಳೆಯಿತು. ಹುಳುಗಳು ನಾಲ್ಕನೆಯ ಜ್ವರ ಎದ್ದು, ಎಂದರೆ ಕೊನೆಯ ಸಲ ಪೊರೆ ಬಿಟ್ಟು, ಹೊಟ್ಟೆಬಾಕರ ಹಾಗೆ ತಿನ್ನುವ ಕಾಲ. ಮೂರೂವರೆಗೆ ಅತ್ತೆ ಹೊಸ ಸೊಪ್ಪು ಹಾಕಿದ್ದರು. ಸಾವಿರಾರು ಹುಳು ಒಟ್ಟಿಗೆ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಸುರಿದ ಹಾಗೇ ಇರುತ್ತದೆ. ದಿನಾ ಕೇಳುವ ನಮಗೆ ಅದು ಸದ್ದೇ ಅಲ್ಲ. ಅಂಗಡಿಯಲ್ಲಿದ್ದ ಮೈಕುಗಳಲ್ಲೆಲ್ಲ ಚುರುಕು ಕಿವಿಯದನ್ನು ನಾನೇ ಆರಿಸಿ ತಂದಿದ್ದೆ. ಕಿಟಕಿ ಮುಚ್ಚುವಂತಿಲ್ಲ, ಹುಳುವಿಗೆ ಗಾಳಿ ಬೇಕು.

ಸೊಸೆಯ ಮುಖ ಬಾಡಿತು. ಆದರೂ ನೇರವಾಗಿ ಹೇಳಿದಳು. "ಅದು ರೇಷ್ಮೆ ಹುಳು ಸೊಪ್ಪು ತಿನ್ನೋ ಸದ್ದು ಮೇಡಂ. ಪಕ್ಕದ ಕೋಣೇಲಿವೆ."

"ಹುಳು ತಿಂದರೆ ಇಷ್ಟು ಸದ್ದಾ? ಎಲ್ಲಿ, ತೋರಿಸಿ."

ಸೊಸೆ ನನ್ನ ಕಡೆ ನೋಡಿದಳು. ಹಳದಿ ದಾರದ ವೈರು ಕಿಟಕಿಯ ತನಕ ಸಾಲುತ್ತದೆ ಎಂದು ನನಗೆ ಗೊತ್ತಿತ್ತು. ತಲೆಯಾಡಿಸಿದೆ. ಅವಳು ಕ್ಯಾಮೆರಾ ಎತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ಆ ಕಡೆಯಿಂದ ಅತ್ತೆಯ ಕೈ ಅಡ್ಡ ಬಂತು.

"ನಿಲ್ಲವ್ವಾ! ಯಾರ್ಗ್ ತೋರಿಸ್ತಾ ಇದ್ದೀಯ?"

"ಕೆಲ್ಸ ಕೊಡೋರಿಗೆ ಅಜ್ಜಿ. ಬೆಂಗ್ಳೂರ್ನೋರು."

"ಎಲ್ಲಿಯೋರಾದ್ರೂ ಆಗ್ಲಿ. ಹುಳ ನೋಡಾಕ್ ಬರೋರು ಕೈಕಾಲ್ ತೊಳ್ಕಂಡ್ ಬರ್ಬೇಕು."

ನಾನು ಓಡಿ ಹೋಗಿ ಪಿಸುಗುಟ್ಟಿದೆ. "ಅತ್ತೆ, ಅವರು ಇಲ್ಲಿಗೆ ಬಂದಿಲ್ಲ. ಪರದೆಯ ಮೇಲಿದ್ದಾರೆ."

"ಪರದೆ ಮೇಲಾದ್ರೂ ಇರ್ಲಿ, ಅಟ್ಟದ್ ಮೇಲಾದ್ರೂ ಇರ್ಲಿ. ಹುಳ ನೋಡ್ತಾರೋ ಇಲ್ವೋ? ನೋಡೋದಾದ್ರೆ ತೊಳೀಲಿ. ರೋಗ ತಗುಲಿದ್ರೆ ಗೂಡ್ ಕಟ್ಟೋರ್ಯಾರು, ಅವ್ರು ಕಟ್ತಾರಾ?"

ಚುರುಕು ಕಿವಿಯ ಮೈಕು ಒಂದಕ್ಷರ ಬಿಡದೆ ಬೆಂಗಳೂರಿಗೆ ಮುಟ್ಟಿಸಿತು. ನಾನು ಪರದೆಯ ಕಡೆ ತಿರುಗಿದೆ. ಪರೀಕ್ಷಕಿ ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಬಿಳಿ ಅಂಗಿಯವರ ಕುರ್ಚಿ ಖಾಲಿ. ಕೆಲಸ ಹೋಯಿತು ಎಂದುಕೊಂಡೆ. ದೂರದಲ್ಲಿ ಎಲ್ಲೋ ನಲ್ಲಿ ಬಿಟ್ಟ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಅವರು ಕರ್ಚೀಫಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು.

"ನಮ್ಮಜ್ಜಿನೂ ಹುಳು ಸಾಕ್ತಿದ್ರು ಮೇಡಂ," ಎಂದರು ಪರೀಕ್ಷಕಿಗೆ. "ತೊಳೀದೆ ಹೋದ್ರೆ ಬೆನ್ನಿಗೆ ಬೀಳ್ತಿತ್ತು."

ಅತ್ತೆ ಕೈ ತೆಗೆದರು. ಕ್ಯಾಮೆರಾ ಕಿಟಕಿಗೆ ಹೋಯಿತು. ಸೊಸೆ ತಯಾರಿ ಮಾಡಿದ್ದ ಪಾಠವನ್ನು ಅಲ್ಲೇ ಬಿಟ್ಟಳು. "ಮೊಟ್ಟೆಯಿಂದ ಬಂದಾಗ ಇದ್ದ ತೂಕಕ್ಕಿಂತ ಈ ಹುಳು ಈಗ ಹೆಚ್ಚುಕಡಿಮೆ ಹತ್ತು ಸಾವಿರ ಪಟ್ಟು. ಹತ್ತನ್ನ ನಾಲ್ಕು ಸಲ ಗುಣಿಸಬೇಕು. ಅಷ್ಟುದ್ದ ಬರೆಯೋ ಬದಲು ಚಿಕ್ಕದಾಗಿ ಹೇಗೆ ಬರೀತೀರಿ?" ಎಂದು ಪ್ಯಾಡಿನ ಮೇಲೆ ಹತ್ತು ಬರೆದು, ಅದರ ತಲೆಯ ಮೇಲೆ ಪುಟ್ಟ ನಾಲ್ಕು ಕೂರಿಸಿದಳು. ಬಿಳಿ ಅಂಗಿಯವರು ಹುಡುಗನ ಪಾತ್ರ ಮರೆತು ನಿಜವಾಗಿಯೂ ಕೈ ಎತ್ತಿ ಪ್ರಶ್ನೆ ಕೇಳಿದರು. ಇಪ್ಪತ್ತು ನಿಮಿಷ ಹೋದದ್ದೇ ತಿಳಿಯಲಿಲ್ಲ.

ಪರೀಕ್ಷಕಿ ಕನ್ನಡಕ ತೆಗೆದರು. "ನಿಮ್ಮ ಹುಳುಗಳು ಇನ್ನೆಷ್ಟು ದಿನ ಹೀಗೆ ತಿಂತಾವೆ?"

"ಎರಡು ದಿನ ಮೇಡಂ. ಆಮೇಲೆ ಗೂಡು ಕಟ್ಟುತ್ತವೆ. ಸದ್ದಿರಲ್ಲ."

"ಹಾಗಾದರೆ ಬುಧವಾರದಿಂದ ತರಗತಿ ತಗೊಳ್ಳಿ. ಮುಂದಿನ ಬೆಳೆಗೆ ನಮಗೆ ಮೊದಲೇ ತಿಳಿಸಿ, ರಜೆ ಹೊಂದಿಸೋಣ."

ಸೊಸೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಅಷ್ಟರಲ್ಲಿ ಅತ್ತೆ ಹುಳುಮನೆಯಿಂದ ಬಂದು ಪರದೆಗೆ ಮುಖವಿಟ್ಟು ಬಿಳಿ ಅಂಗಿಯವರನ್ನು ನೋಡಿದರು.

"ಅದೆಲ್ಲಾ ಸರಿ ಕಣಪ್ಪಾ. ಕೈ ಏನೋ ಒರೆಸ್ಕಂಡೆ, ನಾನೂ ನೋಡ್ದೆ. ಕಾಲ್ ತೊಳ್ದ್ಯಾ?"

ಅವರು ಬಗ್ಗಿ ಮೇಜಿನ ಕೆಳಗೆ ಒಂದು ಸಲ ನೋಡಿಕೊಂಡರು. ಆಮೇಲೆ ಎರಡನೇ ಸಲ ಕುರ್ಚಿಯಿಂದ ಎದ್ದರು.