ಪರಿಮಳಾ ಅಕ್ಕೋರು ಹೆಗ್ಗರಣೆಗೆ ಹೊರಟಿದ್ದು

ಆ ಭಾನುವಾರದ ಎಲ್ಲ ರಾದ್ಧಾಂತಕ್ಕೂ ಕಾರಣ ಒಂದೇ ಒಂದು ಶಬ್ದ: 'ಸುಮ್ನೆ'. ಪರಿಮಳಾ ಅದರ ಬದಲು 'ಶ್ರಾದ್ಧಕ್ಕೆ' ಅಂದಿದ್ದರೂ ಸಾಕಿತ್ತು, 'ಹಲ್ಲುನೋವಿಗೆ ಔಷಧ ತರಲಿಕ್ಕೆ' ಅಂದಿದ್ದರೂ ನಡೆಯುತ್ತಿತ್ತು. ಯಾರೂ ಅವಳ ಬೆನ್ನು ಹತ್ತುತ್ತಿರಲಿಲ್ಲ.

ಪರಿಮಳಾ ಶಿರಸಿಯ ಹೈಸ್ಕೂಲೊಂದರಲ್ಲಿ ಗಣಿತದ ಟೀಚರು, ಊರವರ ಬಾಯಲ್ಲಿ 'ಅಕ್ಕೋರು'. ವಯಸ್ಸು ನಲವತ್ತೊಂದು. ಇಷ್ಟು ವರ್ಷದಲ್ಲಿ ಅವಳು ಕಾರಣವಿಲ್ಲದೆ ಊರು ದಾಟಿದ್ದೇ ಇಲ್ಲ. ಸಿದ್ದಾಪುರಕ್ಕೆ ಹೋದರೆ ಮದುವೆಗೆ, ಯಲ್ಲಾಪುರಕ್ಕೆ ಹೋದರೆ ಪರೀಕ್ಷೆಯ ಕೆಲಸಕ್ಕೆ, ಚಂದಗುಳಿಗೆ ಹೋದರೆ ಹರಕೆ ತೀರಿಸಲಿಕ್ಕೆ. ಬಸ್ಸಿನ ಕಿಟಕಿಯಿಂದ ನೋಡುವಾಗ, ದೊಡ್ಡ ರಸ್ತೆ ಬಿಟ್ಟು ಗದ್ದೆಗಳ ನಡುವೆ ನುಸುಳಿ ಮಾಯವಾಗುವ ಸಣ್ಣ ಡಾಂಬರು ರಸ್ತೆಗಳು ಕಾಣುತ್ತಿದ್ದವು. ಆ ತಿರುವಿನ ಆಚೆ ಏನಿರಬಹುದು ಎಂದು ಅವಳಿಗೆ ಪ್ರತಿ ಸಲವೂ ಕುತೂಹಲ. ಗಂಡ ವೆಂಕಟ್ರಮಣನನ್ನು ಕೇಳಿದರೆ, "ಎಂತ ಇರ್ತು? ಇನ್ನೊಂದು ತಿರುವು ಇರ್ತು" ಎಂದು ಮುಗಿಸಿಬಿಡುತ್ತಿದ್ದ.

ದೀಪಾವಳಿ ಕಳೆದ ಮೇಲೆ ಅವಳು ಗಟ್ಟಿ ಮನಸ್ಸು ಮಾಡಿ ಒಂದು ಸೈಕಲ್ ಕೊಂಡಳು. ಹಪ್ಪಳದ ಅಂಚಿನಷ್ಟು ತೆಳು ಚಕ್ರ, ಟಗರಿನ ಕೋಡಿನಂತೆ ಕೆಳಕ್ಕೆ ಬಾಗಿದ ಹ್ಯಾಂಡಲ್ಲು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ಲೂ ಇಲ್ಲ. ಪಕ್ಕದ ಮನೆಯವರು ಬಂದು ನೋಡಿ, "ಉಳಿದ ಸಾಮಾನು ಯಾವಾಗ ಬರ್ತು?" ಎಂದು ಕೇಳಿ ಹೋದರು.

ಆ ದಿನ ಬೆಳಗ್ಗೆ ಆರೂವರೆಗೆ, ಗಂಡ ಇನ್ನೂ ಗೊರಕೆಯಲ್ಲಿರುವಾಗಲೇ ಅವಳು ಹೊರಟಳು. ಹೆಗ್ಗರಣೆಯವರೆಗೆ ಹೋಗುವುದು, ತಿರುಗಿ ಬರುವುದು. ಯಾರ ಮನೆಗೂ ಅಲ್ಲ, ಯಾವ ಕೆಲಸಕ್ಕೂ ಅಲ್ಲ. ಸಿದ್ದಾಪುರ ರಸ್ತೆ ಬಿಟ್ಟು ಒಳದಾರಿಗೆ ಹೊರಳಿದ್ದೇ ತಡ, ಲಾರಿಗಳ ಸದ್ದು ಯಾರೋ ಬಾಗಿಲು ಹಾಕಿಕೊಂಡಂತೆ ನಿಂತುಹೋಯಿತು. ರಸ್ತೆ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಸ್ವಲ್ಪ ಏರಿತು, ಸ್ವಲ್ಪ ಇಳಿಯಿತು. ಎರಡೂ ಬದಿಗೆ ಕೊಯ್ಲಿಗೆ ಬಂದ ಭತ್ತದ ಗದ್ದೆ, ಅದರ ಮೇಲೆ ತೆಳ್ಳಗೆ ಇಬ್ಬನಿ. ಮೊದಲ ತಿರುವಿನಾಚೆ ತಾವರೆ ತುಂಬಿದ ಕೆರೆ ಸಿಕ್ಕಿತು. ಎರಡನೆಯದರ ಆಚೆ, ಬಸ್ಸೇ ಬಾರದ ಊರಿನಲ್ಲಿ ಹೊಚ್ಚಹೊಸ ಬಸ್ ತಂಗುದಾಣ. ಅದರೊಳಗೆ ಪ್ರಯಾಣಿಕರ ಬೆಂಚಿಗೆ ಮೈ ಉಜ್ಜುತ್ತ ನಿಂತ ಒಂದು ಕರು. ಪರಿಮಳಾ ಒಬ್ಬಳೇ ನಕ್ಕಳು.

ಮೂರನೆಯ ತಿರುವಿನಾಚೆ ದೇವಕತ್ತೆ ಇದ್ದಳು.

ದೇವಕತ್ತೆ ಪರಿಮಳೆಯ ತವರಿನ ಕಡೆಯ ದೂರದ ನೆಂಟಳು, ಆ ಊರಿನ ಹಾಲಿನ ಡೇರಿ ನೋಡಿಕೊಳ್ಳುವವಳು. ಡೇರಿಗೆ ಬರುವ ಹಾಲಿಗಿಂತ ಸುದ್ದಿಯೇ ಹೆಚ್ಚು ಗಟ್ಟಿ ಎಂದು ಊರವರ ಅಭಿಪ್ರಾಯ.

"ಎಂತದೇ ಕೂಸೇ! ಸ್ಕೂಟಿ ಕೆಟ್ಟೋತಾ?"

"ಇಲ್ಲೆ ಅತ್ತೆ, ಮನೇಲಿದ್ದು."

"ಪೆಟ್ರೋಲ್ ಇತ್ತಿಲ್ಯಾ?"

"ಇದ್ದು."

"ಯಾರ ಮನೇಲಿ ಎಂತ ವಿಶೇಷ?"

"ಎಂತದೂ ಇಲ್ಲೆ. ಸುಮ್ನೆ ಹೊಂಟಿದ್ದಿ."

ದೇವಕತ್ತೆ ಎತ್ತಿದ್ದ ಹಾಲಿನ ಕ್ಯಾನು ಅರ್ಧದಲ್ಲೇ ನಿಂತಿತು. "ಸುಮ್ನೆ? ಈ ಚಳೀಲಿ, ಒಬ್ಬಳೇ? ವೆಂಕಟ್ರಮಣ ಎಲ್ಲಿದ್ದ?"

"ಅವ್ವು ಮಲಗಿದ್ದ. ಹೇಳ್ದೇ ಬೈಂದಿ."

"ಎಲ್ಲಿವರೆಗೆ ಹೋಪದು?"

"ಹೆಗ್ಗರಣೆ ಬದಿಗೆ."

ಹೆಗ್ಗರಣೆಯ ಹತ್ತಿರವೇ ಉಂಚಳ್ಳಿ ಜಲಪಾತ ಇದೆಯೆಂಬುದು ಪರಿಮಳೆಗೆ ಹೊಳೆಯಲೇ ಇಲ್ಲ. ದೇವಕತ್ತೆಗೆ ಬೇರೆ ಏನೂ ಹೊಳೆಯಲಿಲ್ಲ. "ಆಸ್ರಿಗೆ ಕುಡ್ಕಂಡಾದ್ರೂ ಹೋಗೇ" ಎಂದು ಆಕೆ ಕೂಗುತ್ತಿರುವಾಗ ಪರಿಮಳಾ ಏರು ಹತ್ತುತ್ತ, ಬೆವರು ಕಣ್ಣಿಗಿಳಿದು ಉರಿಯಿತೆಂದು ತೋಳಿನಿಂದ ಮುಖ ಒರೆಸಿಕೊಂಡಳು. ಅಲ್ಲೇ ಕೆಟ್ಟದ್ದು.

ಎರಡು ನಿಮಿಷದಲ್ಲಿ ದೇವಕತ್ತೆಯ ಫೋನು ಬಿಸಿಯಾಯಿತು. "ಕಣ್ಣೊರೆಸ್ಕ್ಯತ್ತ ಹೋತು! ಗಂಡನ್ನ ಬಿಟ್ಟಿಕ್ಕಿ ಹೊಂಟಿದ್ದು. ಸ್ಕೂಟಿಯನ್ನೂ ಬಿಟ್ಟಿಕ್ಕಿ ಹೊಂಟಿದ್ದು ಅಂದ್ರೆ ನೀನೇ ಯೋಚನೆ ಮಾಡು!"

ಮುಂದಿನ ಊರಿನ ಗದ್ದೆಯಲ್ಲಿ ಕೆರಿಯ ಭತ್ತ ಕೊಯ್ಯುತ್ತಿದ್ದ. ಅವನ ಮಗಳು ಹಿಂದೆ ಪರಿಮಳೆಯ ಶಾಲೆಯಲ್ಲೇ ಓದಿದವಳು. ಸುದ್ದಿ ಬಂದದ್ದೇ ಕುಡುಗೋಲು ಹಿಡಿದುಕೊಂಡೇ ರಸ್ತೆಗೆ ಜಿಗಿದ.

"ಅಕ್ಕೋರೇ, ನಿಲ್ಲಿ! ಹಂಗೆಲ್ಲ ಮಾಡ್ಕಬ್ಯಾಡಿ!"

"ಏನು ಮಾಡ್ಕೋಬಾರದು ಕೆರಿಯ?"

"ಗಂಡ ಹೆಂಡ್ತಿ ಅಂದ್ಮ್ಯಾಲೆ ಒಂದು ಮಾತು ಬತ್ತದೆ, ಹೋಯ್ತದೆ. ಅದ್ಕೆ ಜೀವದ ಮ್ಯಾಲೆ ಸಿಟ್ಟು ಯಾಕೆ?"

"ಅಯ್ಯೋ, ನಾನು ಸುಮ್ಮನೆ ಹೋಗ್ತಾ ಇದ್ದೇನೆ."

"ಅದ್ನೇ ಹೇಳೂದು ನಾನು! ಸುಮ್ಮನೆ ಹೋಗ್ಬ್ಯಾಡಿ!"

ಇವನಿಗೆ ಬಿಡಿಸಿ ಹೇಳುತ್ತ ನಿಂತರೆ ಮಧ್ಯಾಹ್ನವಾಗುತ್ತದೆಂದು ಪರಿಮಳಾ ಪೆಡಲ್ ಒತ್ತಿದಳು. ಕೆರಿಯ ಬೆನ್ನಟ್ಟಿದ. ಹಿಂದೆ ತಿರುಗಿ ನೋಡಿದರೆ ಬಿಸಿಲಿಗೆ ಮಿರಮಿರ ಮಿನುಗುವ ಕುಡುಗೋಲು. ಅವಳು ಇನ್ನಷ್ಟು ಜೋರಾಗಿ ತುಳಿದಳು. 'ನಿಲ್ಲಿಸಿದರೂ ನಿಲ್ಲದೆ ಉಂಚಳ್ಳಿ ಅಬ್ಬಿಯ ಕಡೆಗೇ ಓಡಿದಳು' ಎಂಬ ಹೊಸ ಸುದ್ದಿ ಅವಳಿಗಿಂತ ಮೊದಲೇ ಮುಂದಿನ ಇಳುಕಲು ಇಳಿದಿತ್ತು.

ಈಗ ದಾರಿಯುದ್ದಕ್ಕೂ ಜನ. ಒಬ್ಬ ಮುದುಕಿ, "ನಮ್ಮನೇಲಿ ಎಂಟು ದಿನ ಇದ್ದು ಹೋಗು ಮಗಾ, ಅವಂಗೆ ಬುದ್ಧಿ ಬರ್ಲಿ" ಎಂದಳು. ಇನ್ನೊಬ್ಬರು, "ನಿನ್ನ ಗಂಡ ನೋಡಲೆ ಸಾಧು ಇದ್ದ, ಆದ್ರೆ ಎಂಗೆ ಮೊದ್ಲಿಂದ್ಲೂ ಅನುಮಾನ ಇತ್ತು" ಎಂದು ತಲೆಯಾಡಿಸಿದರು. ಮೊದಮೊದಲು ಪರಿಮಳೆಗೆ ನಗು ಬಂತು. ನಾಲ್ಕನೆಯವರೂ ಅದನ್ನೇ ಹೇಳಿದಾಗ ನಗು ನಿಂತಿತು. ಇಷ್ಟು ಜನಕ್ಕೆ ಅನುಮಾನವಿದೆ ಅಂದರೆ, ನನ್ನ ಗಂಡ ನಿಜವಾಗಿ ಏನು ಮಾಡಿದ್ದಾನೆ? ತಿರುವಿನಾಚೆ ಏನಿದೆ ಎಂಬುದಕ್ಕಿಂತ ಈ ಪ್ರಶ್ನೆಯೇ ಈಗ ದೊಡ್ಡದಾಗಿ, ಉತ್ತರ ಹೊಂದದ ಲೆಕ್ಕದ ಹಾಗೆ ತಲೆ ಕೊರೆಯತೊಡಗಿತು.

ಆ ಯೋಚನೆಯಲ್ಲೇ ಇಳುಕಲು ಇಳಿದು ತಿರುಗಿದರೆ, ರಸ್ತೆಗೆ ಅಡ್ಡಲಾಗಿ ಒಂದು ಟೆಂಪೋ ನಿಂತಿತ್ತು. ಬ್ರೇಕು ಕಿರ್ರೆಂದಿತು. ಸೈಕಲ್ ಬಲಕ್ಕೆ ಹೋಯಿತು, ಪರಿಮಳಾ ಎಡಕ್ಕೆ ಹಾರಿ ಹುಲ್ಲಿನ ಬಣವೆಯೊಳಗೆ ಸೊಂಟದವರೆಗೆ ಹೂತುಕೊಂಡಳು.

ಟೆಂಪೋ ಶಿರಸಿಯ ಖಾಜಾ ಹುಸೇನನದು. ಮದುವೆ ಮನೆಗಳಿಗೆ ಶಾಮಿಯಾನ, ಮೈಕು ಒಯ್ಯುವುದು ಅವನ ಕಸುಬು. ಸಿದ್ದಾಪುರದ ಕಡೆಯಿಂದ ವಾಪಸು ಬರುತ್ತಿದ್ದವನು ದಾರಿಯಲ್ಲಿ ಸುದ್ದಿ ಕೇಳಿ ಟೆಂಪೋ ಅಡ್ಡ ನಿಲ್ಲಿಸಿದ್ದ. ಅವನು ಓಡಿಬಂದು ಅವಳನ್ನು ಹುಲ್ಲಿನಿಂದ ಹೊರಗೆಳೆದ.

"ಮಾಫ್ ಮಾಡ್ರಿ ಅಕ್ಕೋರೆ. ನಿಮ್ಮ ಜೀವ ಉಳಸಾಕ ನಿಮ್ಮನ್ನ ಬೀಳಿಸ್ಬೇಕಾತು."

ಸೈಕಲ್ಲಿನ ಚೈನು ಕಳಚಿ ಜೋತುಬಿದ್ದಿತ್ತು. ಪರಿಮಳಾ ತಲೆಯಿಂದ ಹುಲ್ಲುಕಡ್ಡಿ ಆರಿಸುವಷ್ಟರಲ್ಲಿ ಮೂವತ್ತು ಜನ ಸೇರಿದರು. ಯಾರದೋ ಬೈಕಿನ ಹಿಂದೆ ಕೂತು ದೇವಕತ್ತೆ ಬಂದಳು. ಏದುಸಿರು ಬಿಡುತ್ತ ಕೆರಿಯ ಬಂದ.

"ಹೇಳಿಬಿಡು ಕೂಸೇ," ದೇವಕತ್ತೆ ಅವಳ ಕೈ ಹಿಡಿದುಕೊಂಡಳು. "ಎಂತ ಮಾಡಿದ್ದ ಅವ?"

"ಎಂಗೂ ಅದೇ ಕುತೂಹಲ ಅತ್ತೆ," ಎಂದಳು ಪರಿಮಳಾ, ಪ್ರಾಮಾಣಿಕವಾಗಿ.

ಯಾರಿಗೂ ಅದು ಉತ್ತರವೆನ್ನಿಸಲಿಲ್ಲ. ಅಷ್ಟರಲ್ಲಿ ಸ್ಕೂಟಿಯೊಂದು ತೂರಾಡುತ್ತ ಬಂದು ನಿಂತಿತು. ವೆಂಕಟ್ರಮಣ. ಸ್ವೆಟರ್ ತಿರುಗಾಮುರುಗಾ, ಲುಂಗಿ ಅರ್ಧಕ್ಕೆ ಕಟ್ಟಿ, ಕಾಲಿಗೆ ಹೆಂಡತಿಯ ಚಪ್ಪಲಿ. ಹನ್ನೊಂದು ಜನ ಫೋನ್ ಮಾಡಿ ಅವನನ್ನು ಎಬ್ಬಿಸಿದ್ದರು. ಗುಂಪು ಎರಡಾಗಿ ಅವನಿಗೆ ದಾರಿ ಬಿಟ್ಟಿತು.

ಪರಿಮಳಾ 'ಎಂತದೂ ಆಯ್ದಿಲ್ಲೆ' ಎನ್ನಲು ಬಾಯಿ ತೆರೆದಳು. ಅವನೇ ಮೊದಲು ಕೈ ಮುಗಿದುಬಿಟ್ಟ.

"ತಪ್ಪಾತು ಪರಿಮಳಾ! ನಿಂಗೆ ಯಾರು ಹೇಳಿದ್ದು?"

ಗದ್ದೆಯಲ್ಲಿ ಕೊಕ್ಕರೆ ಹೆಜ್ಜೆಯಿಟ್ಟರೂ ಕೇಳುವಷ್ಟು ನಿಶ್ಶಬ್ದವಾಯಿತು. ಇಪ್ಪತ್ತು ವರ್ಷ ಮಕ್ಕಳಿಂದ ಸತ್ಯ ಹೊರಡಿಸಿದವಳು ಪರಿಮಳಾ. ಮುಖ ಬಿಗಿದುಕೊಂಡು, "ಯಾರು ಹೇಳಿರೆ ಎಂತ? ನಿಂಗ್ಳ ಬಾಯಿಂದ್ಲೇ ಕೇಳವು" ಎಂದಳು.

"ಆ ಬ್ಯಾನರ್ ನೋಡಿದ್ಯ ಅಲ್ದಾ? ಕಪಾಟಿನ ಹಿಂದೆ ಅಡಗಿಸಿ ಇಟ್ಟಿದ್ದಿ, ನಾಲ್ಕು ದಿನ ಆತು. ಎಂಗ್ಳ ಗೆಳೆಯರ ಬಳಗದ್ದು ಮುಂದಿನ ಭಾನುವಾರ ಸೈಕಲ್ ಜಾಥಾ. ಮುಂದೆ ಹೋಪವ್ವು ಯಾರೂ ಸಿಕ್ಕಿದ್ವಿಲ್ಲೆ. ನಿನ್ನ ಹೆಸ್ರು ಕೊಟ್ಟಿಕ್ಕಿದ್ದಿ. ನೂರೈವತ್ತು ಸೈಕಲ್ಲು. ಹೆಗ್ಗರಣೇಲಿ ನಿಂದು ಇಪ್ಪತ್ತು ನಿಮಿಷ ಭಾಷಣ. ನೀ ಒಪ್ಪದಿಲ್ಲೆ ಹೇಳಿ ಗೊತ್ತಿತ್ತು, ಅದಕ್ಕೇ ಹೇಳಿದ್ನಿಲ್ಲೆ. ಬ್ಯಾನರಲ್ಲಿ ನಿನ್ನ ಫೋಟೋ ಚೊಲೋ ಬೈಂದು!"

"ಎಂತಕ್ಕೆ ಜಾಥಾ?" ಪರಿಮಳೆಯ ದನಿ ಕ್ಷೀಣವಾಗಿತ್ತು.

"ಶಬ್ದಮಾಲಿನ್ಯ ತಡೆಯಲೆ."

ಮೂವತ್ತು ಎದೆಗಳಿಂದ ಒಟ್ಟಿಗೇ ನಿಟ್ಟುಸಿರು ಹೊರಟಿತು. ದೇವಕತ್ತೆಯ ಮುಖ ಅರಳಿ ಮೊರದಗಲವಾಯಿತು. "ಅಯ್ಯೋ ಕೂಸೇ! ಪ್ರಾಕ್ಟೀಸಿಗೆ ಹೊಂಟಿದ್ಯಾ! ಹಂಗೆ ಹೇಳಕ್ಕಾಗಿತ್ತಿಲ್ಯಾ? ಸುಳ್ಳೆ ಎಂಗ್ಳ ಜೀವ ತಿಂದೆ!"

"ಅತ್ತೆ, ಎಂಗೆ ಈಗಷ್ಟೇ..." ಪರಿಮಳೆಯ ಮಾತನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕಾರಣ ಸಿಕ್ಕ ಖುಷಿಯಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಿದ್ದರು. ಕೆರಿಯ ತನ್ನ ಅಳಿಯ ಕಾರ್ತಿಕನ ಹೆಸರು ಕೊಟ್ಟ. ದೇವಕತ್ತೆ ಡೇರಿಯ ಮುಂದೆ ನೂರೈವತ್ತು ಜನಕ್ಕೂ ಮಜ್ಜಿಗೆ ಕೊಡುವುದಾಗಿ ಘೋಷಿಸಿದಳು. ಕಪ್ಪಿಟ್ಟಿದ್ದ ವೆಂಕಟ್ರಮಣನ ಮುಖದಲ್ಲಿ ನಿಧಾನಕ್ಕೆ ಕಳೆ ಏರಿತು; ಲುಂಗಿ ಸರಿಮಾಡಿಕೊಂಡು ಪಟ್ಟಿ ಬರೆಯಲು ಯಾರದೋ ಪೆನ್ನು ಕೇಳಿದ.

"ಮೈಕ್ ಸೆಟ್ ನಂದಽ ಬುಕ್ ಆಗೇತ್ರಿ, ನಾಲ್ಕ ಹಾರ್ನ್," ಎಂದ ಖಾಜಾ ಹುಸೇನ್ ಹೆಮ್ಮೆಯಿಂದ. "ಯಾವ ಕಾರ್ಯಕ್ರಮಕ್ಕಂತ ಈಗ ಗೊತ್ತಾತು ನೋಡ್ರಿ."

ಹೆಗ್ಗರಣೆ ಇನ್ನೂ ಎಂಟು ಕಿಲೋಮೀಟರ್ ಇತ್ತು. ಆದರೆ ಭಾಷಣ ಬರೆಯುವುದಿದೆ, ಇವತ್ತೇ ಶುರು ಮಾಡಬೇಕು ಎಂದು ಗಂಡ ಅವಸರ ಮಾಡಿದ. ಪರಿಮಳಾ ಚೈನು ಏರಿಸಿಕೊಂಡು, ಟೆಂಪೋ ಹತ್ತಲು ಒಪ್ಪದೆ, ಸೈಕಲ್ಲನ್ನು ಶಿರಸಿಯತ್ತ ತಿರುಗಿಸಿದಳು. ಹೋಗುವಾಗಲಾದರೂ ಮೌನವಾಗಿ ಹೋಗೋಣವೆಂದು ಆಸೆ. ಆದರೆ ಅಕ್ಕೋರನ್ನು ಒಬ್ಬರೇ ಕಳಿಸಲು ಊರಿಗೆ ಮನಸ್ಸು ಬರಲಿಲ್ಲ. ಹತ್ತು ಮಾರು ಹಿಂದೆ ಟೆಂಪೋ ಹೊರಟಿತು, ಅದರ ಹಿಂದೆ ಸ್ಕೂಟಿ, ಅದರ ಹಿಂದೆ ಬೈಕಿನಲ್ಲಿ ದೇವಕತ್ತೆ.

ಮೊದಲ ಏರು ಹತ್ತುವಷ್ಟರಲ್ಲಿ ಟೆಂಪೋದ ಮೇಲಿನ ಹಾರ್ನು ಒಮ್ಮೆ ಕೊರ್ರೆಂದು ಗಂಟಲು ಸರಿಮಾಡಿಕೊಂಡಿತು.

"ಹಲೋ, ಹಲೋ, ಮೈಕ್ ಟೆಸ್ಟಿಂಗ್! ನಾಗರಿಕ ಬಂಧುಗಳೇ, ಮಾನ್ಯ ಪರಿಮಳಾ ಅಕ್ಕೋರು ಬರಾಕತ್ತಾರ! ದಯವಿಟ್ಟು ಯಾರೂ ಗದ್ದಲ ಮಾಡಬ್ಯಾಡ್ರಿ!"

ಎರಡೂ ಕಡೆಯ ಗದ್ದೆಗಳಿಂದ ಕೊಕ್ಕರೆಗಳು ಒಂದೂ ಉಳಿಯದಂತೆ ಎದ್ದು ಹಾರಿಹೋದವು.