ಅಕ್ಕನ ಹೋಟ್ಲಿಗೊಂದು ಪ್ರೇಕ್ಷಣೀಯ ಸ್ಥಳ

ಪ್ರಪಂಚದಲ್ಲಿ ಎಲ್ಲೆಲ್ಲಿ ವಿಚಿತ್ರವಾದ ಜಾಗಗಳಿವೆಯೋ ಅಷ್ಟನ್ನೂ ನಾನು ಕಣ್ಣಾರೆ ನೋಡಿ ಬಂದಿದ್ದೇನೆ. ಇಟಲಿಯ ವಾಲಿದ ಗೋಪುರಕ್ಕೆ ಬೆನ್ನು ಕೊಟ್ಟು ಬೀಡಿ ಸೇದಿದ್ದೇನೆ, ಮಂಜುಗಡ್ಡೆಯಲ್ಲಿ ಕಟ್ಟಿದ ಹೋಟೆಲಿನಲ್ಲಿ ಕಂಬಳಿ ಹೊದ್ದು ಮಲಗಿದ್ದೇನೆ.

ಸುಳ್ಳು. ನಾನು ದಾಟಿರುವ ಗಡಿ ಒಂದೇ, ಕರ್ನಾಟಕದ್ದು. ಅದೂ ಅಲ್ಲಿ ಅಗ್ಗ ಅಂತ ಡೀಸೆಲ್ ಹಾಕಿಸೋಕೆ. ಪಾಸ್‌ಪೋರ್ಟಿಗೆ ಅಂತ ಫೋಟೊ ತೆಗೆಸಿದ್ದು ಮಾತ್ರ ನಿಜ. ಆ ಫೋಟೊ ಕೊನೆಗೆ ರೇಷನ್ ಕಾರ್ಡಿಗೆ ಹೋಯಿತು.

ನಾನು ಆಂಧ್ರದ ಹಿಂದೂಪುರದಲ್ಲಿ ಬಾಡಿಗೆ ವ್ಯಾನು ಓಡಿಸುವವನು. ಬಾಡಿಗೆ ಸಿಗದ ದಿನ ಸ್ಟ್ಯಾಂಡಿನಲ್ಲಿ ಕೂತು ಫೋನಿನಲ್ಲಿ ಪ್ರಪಂಚ ನೋಡುತ್ತೇನೆ. ನೋಡಿ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ನಾನು ಕೈಹಾಕಿದ ಕೆಲಸ ನೆಟ್ಟಗೆ ಹೊರಟು ಸೊಟ್ಟಗೆ ಮುಟ್ಟುವುದು ಬುದ್ಧಿ ಬಂದಾಗಿನಿಂದ ನಡೆದೇ ಇದೆ. ಈ ಸಲ ಅದಕ್ಕೆ ಸಿಕ್ಕಿಕೊಂಡವಳು ನಮ್ಮಕ್ಕ.

ನಮ್ಮೂರು ಕಲ್ಯಾಣದುರ್ಗದ ಹತ್ತಿರ, ಸೆಟ್ಟೂರಿನ ಕಡೆ. ಹಳೇ ಬಸ್‌ಸ್ಟಾಪಿನ ಎದುರಿಗೆ ಅಕ್ಕನ ಹೋಟ್ಲು. ಭಾವ ತೀರಿಹೋದ ಮೇಲೂ ಒಲೆ ಆರಲು ಬಿಡದೆ ನಡೆಸಿಕೊಂಡು ಬಂದಳು. ಬೆಳಿಗ್ಗೆ ಇಡ್ಲಿ, ಹತ್ತು ಗಂಟೆಗೆ ಉಗ್ಗಾಣಿ ಬಜ್ಜಿ. ಉಗ್ಗಾಣಿ ಅಂದರೆ ನೆನೆಸಿದ ಮಂಡಕ್ಕಿಗೆ ಒಗ್ಗರಣೆ, ಅಷ್ಟೇ. ಆದರೆ ಅಕ್ಕನ ಕೈಯಲ್ಲಿ ಅದು ಅಷ್ಟೇ ಅಲ್ಲ. ಆಮೇಲೆ ಬೈಪಾಸು ಬಂತು. ರೋಡ್ ರೋಲರಿಗೆ ಮೊದಲ ತೆಂಗಿನಕಾಯಿ ಒಡೆದವನು ನಾನೇ. "ಇನ್ನು ನಮ್ಮೂರು ಸಿಂಗಾಪುರ" ಅಂತ ಭಾಷಣ ಬೇರೆ ಮಾಡಿದ್ದೆ. ಬೈಪಾಸು ಮುಗಿದ ವಾರಕ್ಕೇ ಬಸ್ಸುಗಳು ಊರೊಳಗೆ ಬರುವುದನ್ನು ಬಿಟ್ಟವು.

ಅಕ್ಕ ಒಂದು ದಿನ ತಣ್ಣಗೆ ಹೇಳಿದಳು: "ಯುಗಾದಿ ತನಕ ನೋಡ್ತೀನಿ ಕಣ್ಲಾ. ಆಮೇಲೆ ಹೋಟ್ಲಿಗೆ ಬೀಗ ಹಾಕಿ ಹಿಂದೂಪುರಕ್ಕೆ ಬತ್ತೀನಿ. ಗಾರ್ಮೆಂಟ್ಸ್‌ನಾಗೆ ದಾರ ಕತ್ತರ್ಸೋಕೆ ಹೆಂಗಸ್ರು ಬೇಕಂತೆ."

ಐವತ್ತು ದಾಟಿದ ಹೆಂಗಸು. ಕನ್ನಡಕ ಇಲ್ಲದೆ ಸಾಸಿವೆ ಯಾವುದು ಜೀರಿಗೆ ಯಾವುದು ಗೊತ್ತಾಗದವಳು ದಾರ ಕತ್ತರಿಸುತ್ತಾಳಂತೆ!

"ಜನ ತಾನೇ ಬೇಕು? ನಾನು ತತ್ತೀನಿ ಬಿಡಕ್ಕ" ಅಂದೆ.

"ಎಲ್ಲಿಂದ ತತ್ತೀಯಾ, ಸಂತೆಯಿಂದಾನಾ?" ಅಂದಳು.

ಸುಳ್ಳು ಹೇಳಿದೋರ ಬಂಡೆ

ಯಾವುದೋ ಚಳಿದೇಶದಲ್ಲಿ ಎರಡು ಬೆಟ್ಟಗಳ ಸಂದಿಯಲ್ಲಿ ಒಂದು ಬಂಡೆ ಸಿಕ್ಕಿಕೊಂಡಿದೆಯಂತೆ. ಕೆಳಗೆ ಪಾತಾಳ. ಅದರ ಮೇಲೆ ನಿಂತು ಫೋಟೊ ಹಿಡಿಸಿಕೊಳ್ಳೋಕೆ ಜನ ಗಂಟೆಗಟ್ಟಲೆ ಸಾಲು ನಿಲ್ಲುತ್ತಾರೆ. ನಮಗೆ ಬಂಡೆಗೇನು ಕಡಿಮೆ? ನಮ್ಮ ಸೀಮೆಯಲ್ಲಿ ದೇವರು ಮಣ್ಣು ಹಾಕೋದು ಮರೆತು ಬರೀ ಬಂಡೆ ಸುರಿದು ಹೋಗಿದ್ದಾನೆ. ನಮ್ಮೂರ ಗುಡ್ಡದ ಅಂಚಿಗೂ ಒಂದು ಕೂತಿದೆ. ಈಗ ಬಿತ್ತು, ಆಗ ಬಿತ್ತು ಅನ್ನುವ ಹಾಗೆ, ನಮ್ಮ ತಾತನ ಕಾಲದಿಂದ.

ಬರೀ ಬಂಡೆ ಸಾಲದು. ಲೇಪಾಕ್ಷಿಗೆ ಜನರನ್ನು ಕರೆದುಕೊಂಡು ಹೋಗುವವನಿಗೆ ಅಷ್ಟು ಗೊತ್ತು. ಅಲ್ಲಿ ನೆಲಕ್ಕೆ ತಾಗದೆ ತೂಗುವ ಕಂಬದ ಕೆಳಗೆ ಟವೆಲ್ ತೂರಿಸಿ ಈ ಕಡೆಯಿಂದ ಎಳೆದುಕೊಂಡರೇನೇ ಬಂದವರಿಗೆ ತೃಪ್ತಿ. ಬಂದ ಜನಕ್ಕೆ ಮಾಡೋಕೆ ಏನಾದರೂ ಇರಬೇಕು. ಹಾಗಾಗಿ ಬಂಡೆಗೆ ನಾನೊಂದು ಮಹಿಮೆ ಕಟ್ಟಿದೆ.

ಹಿಂದೂಪುರದ ಸೀರೆ ಅಂಗಡಿ ಯಜಮಾನರು ಮನೆಮಂದಿ ಸಮೇತ ಕಲ್ಯಾಣದುರ್ಗಕ್ಕೆ ಮದುವೆಗೆ ಹೊರಟಿದ್ದರು. ವ್ಯಾನು ನಮ್ಮೂರಿಗೆ ತಿರುಗಿಸಿ, ಗುಡ್ಡದ ಕೆಳಗೆ ನಿಲ್ಲಿಸಿ ಹೇಳಿದೆ: "ಮದುವೆ ಆದ್ಮೇಲೆ ಕಟ್ಕೊಂಡೋರಿಗೆ ಒಂದೂ ಸುಳ್ಳು ಹೇಳದೇ ಇರೋರು ಇದ್ರ ಕೆಳಗೆ ನಿಂತ್ರೆ ಏನೂ ಆಗಲ್ಲ. ಹೇಳಿದ್ದವ್ರು ನಿಂತ್ರೆ ಬಂಡೆ ಅಲುಗ್ತೈತೆ."

"ರೀ, ಹೋಗಿ ನಿಂತ್ಕೊಳ್ಳಿ" ಅಂದರು ಯಜಮಾನರ ಹೆಂಡತಿ.

"ಮೊಣಕಾಲು ನೋವು ಕಣೇ."

"ಓಡು ಅಂದ್ನಾ ನಾನು? ನಿಂತ್ಕೊಳ್ಳಿ ಅಂದೆ."

"ನೀನೇ ನಿಂತ್ಕೋ ಮೊದ್ಲು!"

ಆಯಮ್ಮ ಒಂದು ಗಳಿಗೆ ಬಂಡೆ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಸುಮ್ಮನೆ ವ್ಯಾನಿನ ಕಡೆ ನಡೆದರು. ಹೊಸದಾಗಿ ಮದುವೆಯಾದ ಮಗ ಆಕಾಶ ನೋಡುತ್ತಿದ್ದ. ಅವನ ಹೆಂಡತಿ ಅವನನ್ನು ನೋಡುತ್ತಿದ್ದಳು. ಯಜಮಾನರು ನನ್ನ ಕಡೆ ತಿರುಗಿ, "ಏಮಯ್ಯಾ ಡ್ರೈವರೂ, ನೀನು ನಿಂತು ತೋರ್ಸು" ಅಂದರು. ನಾನು ಹ್ಯಾಂಡ್‌ಬ್ರೇಕ್ ಹಾಕಿದ್ದೀನೋ ಇಲ್ಲವೋ ನೋಡೋಕೆ ಓಡಿದೆ.

ಅಕ್ಕ ನಲವತ್ತು ಇಡ್ಲಿ ಬೇಯಿಸಿಟ್ಟು ಬಾಗಿಲಲ್ಲಿ ನಿಂತಿದ್ದಳು. ಹೋಟ್ಲ ಮುಂದೆ ನಿಲ್ಲಿಸಿದರೂ ವ್ಯಾನಿನಿಂದ ಒಬ್ಬರೂ ಇಳಿಯಲಿಲ್ಲ, ಒಬ್ಬರಿಗೊಬ್ಬರು ಮಾತೂ ಆಡಲಿಲ್ಲ. ಸಂಜೆ ಹಿಂತಿರುಗಿ ಬಂದಾಗ ಅಕ್ಕ ಕೇಳಿದಳು: "ಬಂಡೆ ಬಿತ್ತೇನ್ಲಾ?"

"ಇಲ್ಲಕ್ಕ. ಬಂಡೆ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಬಿತ್ತು."

ವಾಲಿದ ಟ್ಯಾಂಕು

ಇಟಲಿಯ ಗೋಪುರದ ಮುಂದೆ ಜನ ದೂರದಲ್ಲಿ ನಿಂತು, ಅಂಗೈ ಚಾಚಿ, ಬೀಳುವುದನ್ನು ತಾವೇ ತಡೆದ ಹಾಗೆ ಫೋಟೊ ತೆಗೆಸಿಕೊಳ್ಳುತ್ತಾರೆ. ನಮ್ಮೂರ ನೀರಿನ ಟ್ಯಾಂಕೂ ವಾಲಿದೆ, ಕಟ್ಟಿದ ದಿನದಿಂದ. ನಾನೂ ಅಂಗೈ ಚಾಚಿ ನಿಂತು ಫೋಟೊ ತೆಗೆಸಿ, "ಬನ್ನಿ, ನಮ್ಮೂರ ಇಟಲಿ ನೋಡಿ" ಅಂತ ಇದ್ದಬದ್ದ ಗ್ರೂಪಿಗೆಲ್ಲ ಹಾಕಿದೆ.

ಮೂರನೇ ದಿನ ಒಂದು ಜೀಪು ಬಂತು. ನನಗೆ ಸಂತೋಷ. ಇಳಿದವರು ಇಂಜಿನಿಯರು. ಅವರ ಫೋನಿನಲ್ಲಿ ನನ್ನದೇ ಫೋಟೊ.

"ಟ್ಯಾಂಕು ತಳ್ತಾ ಇರೋನು ನೀನೇ ಏನಯ್ಯಾ?"

"ತಡೀತಿದ್ದೆ ಸಾರ್."

"ವಾಲಿರೋದು ಆ ಕಡೆ. ಈ ಕಡೆಯಿಂದ ನಿಂತು ತಡೀತಿದ್ಯಾ?"

ಅಪಾಯ ಅಂತ ಬೋರ್ಡು ಬಿತ್ತು, ಸುತ್ತ ಮುಳ್ಳುತಂತಿ ಬಂತು, ಟ್ಯಾಂಕು ಖಾಲಿ ಮಾಡಿಸಿದರು. ಊರ ಹೆಂಗಸರು ಬಿಂದಿಗೆ ಹೊತ್ತು ತೋಟದ ಬೋರಿಗೆ ನಡೆಯುವ ಹಾಗಾಯಿತು. ಅಕ್ಕ ಎರಡು ಕೊಡ ತಂದು ನನ್ನ ಮುಂದೆ ಇಳಿಸಿ ಅಂದಳು: "ಗಿರಾಕಿ ತತ್ತೀನಿ ಅಂತ ಹೋದೋನು ನೀರೂ ತಕ್ಕೊಂಡು ಹೋದ್ಯಲ್ಲೋ."

ಗೊಂಬೆ ತೋಪು

ಮೆಕ್ಸಿಕೊದಲ್ಲಿ ಒಂದು ದ್ವೀಪ ಇದೆ. ಮರ ಮರಕ್ಕೂ ಹಳೇ ಗೊಂಬೆ ನೇತುಹಾಕಿದ್ದಾರೆ. ಕೈ ಇಲ್ಲದ್ದು, ಕಣ್ಣು ಕಿತ್ತದ್ದು. ಹೆದರಿಕೊಳ್ಳೋಕೇ ಅಂತ ಜನ ದುಡ್ಡು ಕೊಟ್ಟು ದೋಣಿಯಲ್ಲಿ ಹೋಗುತ್ತಾರೆ.

ನಮ್ಮಲ್ಲಿ ಕಟ್ಟುತ್ತಿರುವ ಪ್ರತಿ ಮನೆಗೂ ಒಂದು ದೃಷ್ಟಿಗೊಂಬೆ ಇರುತ್ತದೆ. ಕೆಂಪು ನಾಲಗೆ, ಹುರಿ ಮೀಸೆ. ಊಟ ಮಾಡಿ ಊರೆಲ್ಲ ಮಲಗಿದ್ದ ಒಂದು ಮಧ್ಯಾಹ್ನ ಒಂಬತ್ತು ಗೊಂಬೆ ಬಿಚ್ಚಿ ತಂದು ಹುಣಸೆ ತೋಪಿನಲ್ಲಿ ನೇತುಹಾಕಿದೆ. ಗಾಳಿಗೆ ಅವು ತಿರುಗುವುದನ್ನು ನೋಡಿ ನನಗೇ ಜೀವ ಝಲ್ಲೆಂದಿತು. ಕೆಲಸ ಆಯಿತು ಅಂದುಕೊಂಡೆ.

ಆಯಿತು, ಬೇರೆಯವರ ಮೇಲೆ. ಅಕ್ಕನಿಗೆ ಉಳಿದಿದ್ದ ಗಿರಾಕಿಗಳೆಂದರೆ ಬೆಳಗಿನ ಜಾವ ತೋಪಿನ ದಾರಿಯಲ್ಲಿ ಬರುವ ಕುರಿ ಕಾಯುವವರು, ಕೂಲಿ ಹೆಂಗಸರು. ಮಾರನೇ ದಿನದಿಂದ ಅವರು ಕೆರೆ ಬಳಸಿ ಆ ಕಡೆಯಿಂದಲೇ ಹೋದರು. ಅಷ್ಟರಲ್ಲಿ ಗೊಂಬೆ ಕಳೆದುಕೊಂಡ ಒಬ್ಬನ ಬೋರ್ ಮೋಟರು ಸುಟ್ಟುಹೋಯಿತು. "ನನ್ನ ಗೊಂಬೆ ಇದ್ದಿದ್ರೆ ಸುಡ್ತಿತ್ತೇನ್ಲಾ?" ಅಂತ ಹೋಟ್ಲಿಗೇ ಬಂದುಬಿಟ್ಟ. ಹಿಂದೆಯೇ ಮಿಕ್ಕವರೂ ಬಂದರು. ಗೊಂಬೆ ಇಳಿಸಿ ಸಾಲಾಗಿ ಇಟ್ಟರೆ ಎಲ್ಲದರ ಮುಖವೂ ಒಂದೇ. "ದಪ್ಪ ಮೀಸೆದು ನಮ್ದು" ಅಂತ ಇಬ್ಬರು ಒಂದೇ ಗೊಂಬೆಯ ಒಂದೊಂದು ಕಾಲು ಹಿಡಿದುಕೊಂಡರು. ಅದರ ಹುಲ್ಲೆಲ್ಲ ಅಕ್ಕನ ಸಾಂಬಾರಿಗೆ ಬಿತ್ತು.

ಅಕ್ಕ ಸಾಂಬಾರು ಹೊರಗೆ ಚೆಲ್ಲಿ ಬಂದು ಹೇಳಿದಳು: "ಅರ್ಧ ಜನಾನ ಬೈಪಾಸು ಕರ್ಕೊಂಡು ಹೋಯ್ತು, ಮಿಕ್ಕಿದ್ದರ್ಧ ನೀನು ಓಡಿಸ್ದೆ. ಬೈಪಾಸಿಗೆ ನೀನು ಕಾಯಿ ಒಡ್ದೆ. ನಿನ್ನ ತಲೆ ಮ್ಯಾಲೆ ನಾನೇನು ಒಡೀಲಿ?"

ಸುಣ್ಣದ ಕಂಬ

ಯುಗಾದಿಗೆ ಹತ್ತೇ ದಿನ ಉಳಿದಿತ್ತು. ಅಮೆರಿಕದಲ್ಲಿ ಒಂದು ಗೋಡೆ ಇದೆಯಂತೆ, ಜನ ಅಗಿದುಗಿದ ಚೂಯಿಂಗ್ ಗಮ್ಮನ್ನು ವರ್ಷಗಟ್ಟಲೆ ಅಂಟಿಸಿದ ಗೋಡೆ. ಅದರ ಮುಂದೆ ಮದುವೆಯಾದವರು ಬಂದು ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅದನ್ನು ನೋಡಿದ್ದೇ ನನಗೆ ನಮ್ಮ ಬಸ್‌ಸ್ಟಾಪಿನ ಕಂಬ ನೆನಪಾಯಿತು.

ನಮ್ಮವರು ಎಲೆಗೆ ಸುಣ್ಣ ಹಚ್ಚಿದ ಮೇಲೆ ಬೆರಳಲ್ಲಿ ಉಳಿದದ್ದನ್ನು ಪಕ್ಕದಲ್ಲಿ ಏನು ಸಿಗುತ್ತೋ ಅದಕ್ಕೆ ಒರೆಸುತ್ತಾರೆ. ಬಸ್ಸು ಕಾಯುತ್ತಾ ಕೂತವರಿಗೆ ಸಿಕ್ಕಿದ್ದು ಆ ಕಲ್ಲುಕಂಬ. ಎಷ್ಟೋ ವರ್ಷಗಳ ಬೆರಳು, ಒಂದರ ಮೇಲೊಂದು. ಕಂಬದ ನಡು ಬೆರಳಿನ ಗುರುತಿನಿಂದಲೇ ದಪ್ಪಗಾಗಿತ್ತು. ಇಂಥದ್ದು ಅಮೆರಿಕದಲ್ಲೂ ಇಲ್ಲ!

ಅಕ್ಕನನ್ನು ಕರೆದು ತೋರಿಸಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಕಂಬದ ಎಡಮಗ್ಗುಲಿಗೆ ಹೋಗಿ, ಸುಮ್ಮನೆ ಒಂದು ಕಡೆ ಕೈಯಿಟ್ಟಳು. "ನಿಮ್ಮ ಭಾವ ಎಡಗೈನೋರು. ಈ ಮಗ್ಗುಲಾಗೆ ಇರೋವೆಲ್ಲ ಅವರ್ದೇ ಕಣ್ಲಾ" ಅಂದಳು. ಆಮೇಲೆ, "ಈ ಒಂದು ಕೆಟ್ಟದ್ದಲ್ಲ. ಮಾಡು" ಅಂದಳು.

ಹಿಂದೂಪುರದಲ್ಲಿ ಒಬ್ಬ ಹುಡುಗಿ ಊರೂರು ಸುತ್ತಿ ಫೋನಿನಲ್ಲಿ ವಿಡಿಯೊ ಹಾಕುತ್ತಾಳೆ. ಅವಳಿಗೆ ಕಂಬದ ಫೋಟೊ ಕಳಿಸಿದೆ. "ವಾವ್ ಅಂಕಲ್! ಭಾನುವಾರ ಫ್ರೆಂಡ್ಸ್ ಎಲ್ಲಾ ಬರ್ತೀವಿ, ಎರಡು ಕಾರು" ಅಂತ ಉತ್ತರ ಬಂತು. ಯುಗಾದಿಗೆ ಹಿಂದಿನ ಭಾನುವಾರ. ನಮ್ಮ ಪಂಚಾಯಿತಿಯ ಸರ್ಪಂಚರಿಗೆ ಹೇಳಿದೆ: "ಪಟ್ಟಣದ ಜನ ನಮ್ಮ ಕಂಬ ನೋಡೋಕೆ ಬತ್ತಾರೆ." ಅವರು ಗಂಭೀರವಾಗಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಯ ಅರ್ಥ ನಾನು ಆಗಲೇ ಕೇಳಬೇಕಿತ್ತು.

ಭಾನುವಾರ ಬೆಳಿಗ್ಗೆ ಕಲ್ಯಾಣದುರ್ಗಕ್ಕೆ ಹೋಗಿ ಸ್ವಾಗತದ ಫ್ಲೆಕ್ಸು ಮಾಡಿಸಿಕೊಂಡು, ಒಳದಾರಿಯಲ್ಲಿ ಊರಿಗೆ ಬಂದೆ. ವ್ಯಾನಿನಿಂದ ಇಳಿದವನು ಇಳಿದಲ್ಲೇ ನಿಂತೆ.

ಕಂಬ ಬೆಳ್ಳಗೆ ಹೊಳೆಯುತ್ತಿತ್ತು. ಬುಡದಿಂದ ತುದಿಯವರೆಗೆ ಸುಣ್ಣ ಹೊಡೆದಿದ್ದರು.

ಸರ್ಪಂಚರು ಕೈಯಲ್ಲಿ ಬ್ರಷ್ಷು ಹಿಡಿದುಕೊಂಡೇ ಬಂದರು. "ಏಮಪ್ಪಾ, ಎಟ್ಲುಂದಿ? ಹೆಂಗೈತೆ ಹೇಳು! ಹಬ್ಬಾನೂ ಬಂತು, ನೆಂಟ್ರೂ ಬತ್ತಾವ್ರೆ. ಅಷ್ಟು ಗಲೀಜು ಕಂಬ ತೋರ್ಸೋಕಾಯ್ತದಾ? ಎರಡು ಕೋಟು ಹೊಡ್ಸಿದೀನಿ. ಹೊಳೀಲಿ ಅಂತ ನೀಲಿ ಬೇರೆ ಕಲಸಿದೀನಿ."

ನಾನು ಎಡಮಗ್ಗುಲಿಗೆ ಹೋಗಿ ನೋಡಿದೆ. ಅಲ್ಲೂ ಎರಡು ಕೋಟು.

ತಿರುಗಿ ಹೋಟ್ಲು ನೋಡಿದರೆ ಬಾಗಿಲಿಗೆ ಬೀಗ. ಕಿಟಕಿಯಲ್ಲಿ ಇಣುಕಿದರೆ ಪಾತ್ರೆ ಇಲ್ಲ, ಒಲೆ ತಣ್ಣಗೆ. ಕಂಬ ನೋಡಿ ಮನಸ್ಸು ಮುರಿದು, ಯುಗಾದಿಯನ್ನೂ ಕಾಯದೆ ದಾರ ಕತ್ತರಿಸೋಕೆ ಹೊರಟುಬಿಟ್ಟಳು ಅಂದುಕೊಂಡೆ. ಆದರೂ ಜನ ಬರುವವರಿದ್ದಾರೆ. ಮುಳುಗುವವನು ಸಿಕ್ಕಿದ್ದು ಹಿಡಿಯುವ ಹಾಗೆ ಕೂಗಿದೆ: "ಎಲ್ರೂ ಎಲೆ ಹಾಕ್ಕಳ್ರಪ್ಪೋ! ಸುಣ್ಣ ಒರ್ಸಿ, ಬೇಗ!"

ಹದಿನೈದಿಪ್ಪತ್ತು ಮುದುಕರು ಗಬಗಬ ಎಲೆ ಅಗಿದು ಕಂಬಕ್ಕೆ ಬೆರಳೊತ್ತಿದರು. ಹಸೀ ಸುಣ್ಣ. ಒರೆಸಿದ್ದು ಅಂಟುವುದಿರಲಿ, ಕಂಬದ್ದೇ ಬೆರಳಿಗೆ ಬಂತು. ಒಬ್ಬ ತಾತ ಬಿಳೀ ಅಂಗೈ ನನ್ನ ಮುಖದ ಮುಂದೆ ಹಿಡಿದು, "ಇದು ನಮ್ಮ ಸುಣ್ಣ ಎಲ್ಲಾ ವಾಪಸ್ ಕೊಡ್ತಾ ಐತೆ ಕಣಪ್ಪ" ಅಂದ.

ಕಾರುಗಳು ಬಂದವು

ಅಷ್ಟರಲ್ಲಿ ಎರಡೂ ಕಾರು ಬಂದವು. ಹುಡುಗಿ ಇಳಿದಳು, ಹಿಂದೆ ಏಳೆಂಟು ಜನ. ಅವರ ಮುಂದೆ ಒಂದು ಬಿಳೀ ಕಂಬ, ಬಿಳೀ ಕೈಯ ಇಪ್ಪತ್ತು ಮುದುಕರು, ಬಾಯಿತುಂಬ ಎಲೆ.

"ಅಂಕಲ್, ಆ ಕಂಬ ಎಲ್ಲಿ?"

ನಾನು ತೋರಿಸಿದೆ. ಅವಳು ಕಂಬ ನೋಡಿದಳು, ಫೋನಿನಲ್ಲಿದ್ದ ಫೋಟೊ ನೋಡಿದಳು, ಮತ್ತೆ ಕಂಬ ನೋಡಿದಳು. ಸರ್ಪಂಚರು ಹೆಮ್ಮೆಯಿಂದ, "ಎರಡು ಕೋಟಮ್ಮಾ" ಅಂದರು.

ಹೋದ ಮಾನ ಹೋಯಿತು, ಬಂದವರ ಹೊಟ್ಟೆಯನ್ನಾದರೂ ನೋಡೋಣ ಅಂತ, "ಹಸಿದಿದ್ದೀರೇನೋ, ಬನ್ನಿ, ಯಾರ ಮನೇಲಾದ್ರೂ..." ಅಂದೆ.

"ಅಯ್ಯೋ ಬೇಡ ಅಂಕಲ್, ಹೊಟ್ಟೆ ಬಿರಿಯೋ ಹಂಗೆ ತಿಂದ್ವಿ! ಬೈಪಾಸಲ್ಲಿ ಒಬ್ಬ ಅಮ್ಮ ತಳ್ಳುಗಾಡಿ ಇಟ್ಟಿದಾರೆ. ಉಗ್ಗಾಣಿ ಬಜ್ಜಿ, ಸೂಪರ್! ಲಾರಿ, ಬಸ್ಸು, ಎಲ್ಲಾ ಅಲ್ಲೇ ನಿಂತಿತ್ತು. ಇವತ್ತೇ ಶುರು ಮಾಡಿದ್ರಂತೆ."

ಅದು ನಮ್ಮಕ್ಕನೇ. ಗಾರ್ಮೆಂಟ್ಸೂ ಇಲ್ಲ, ಹಿಂದೂಪುರವೂ ಇಲ್ಲ. ನಾನು ಪ್ರಪಂಚವನ್ನೆಲ್ಲ ಹೊತ್ತು ಊರಿಗೆ ತರೋಕೆ ಒದ್ದಾಡುತ್ತಿದ್ದರೆ, ಅವಳು ಗಾಡಿಯನ್ನು ಅರ್ಧ ಮೈಲಿ ತಳ್ಳಿದ್ದಾಳೆ, ಅಷ್ಟೇ.

"ದಾರಿ ತೋರ್ಸಿದ್ದೂ ಅವರೇ ಅಂಕಲ್. ಊರಲ್ಲಿ ನೋಡೋಕೆ ಏನಿದೆ ಅಂತ ಕೇಳಿದ್ವಿ."

"ಏನಂದ್ಲು?"

ಹುಡುಗಿ ನಗು ತಡೆದುಕೊಂಡಳು. "'ನೋಡೋ ಅಂಥದ್ದು ಇನ್ನೇನೂ ಇಲ್ಲ ಕಣಮ್ಮ. ನನ್ನ ತಮ್ಮ ಒಬ್ಬ ಅವ್ನೆ. ನೋಡ್ಕೊಂಡು ಬನ್ನಿ' ಅಂದ್ರು."

ಅವತ್ತು ಅವಳು ತೆಗೆದ ವಿಡಿಯೊದಲ್ಲಿ ಕಂಬ ಮೂರು ಸೆಕೆಂಡು ಇದೆ. ಮಿಕ್ಕಿದ್ದೆಲ್ಲ ನಾನೇ, ಫ್ಲೆಕ್ಸು ಕೈಯಲ್ಲಿ ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿರುವುದು. ಈಗ ಬಾಡಿಗೆ ಇಲ್ಲದ ದಿನ ನಾನು ಇಲ್ಲೇ, ಬೈಪಾಸಿನ ಬದಿ, ಅಕ್ಕನ ಗಾಡಿಯ ಪಕ್ಕ ಕೂತಿರುತ್ತೇನೆ. ಕಾರು ನಿಲ್ಲಿಸಿದವರಿಗೆ ಅಕ್ಕ ಬಜ್ಜಿ ಎತ್ತುವ ಜಾಲರಿಯಲ್ಲೇ ನನ್ನ ಕಡೆ ತೋರಿಸುತ್ತಾಳೆ. ಊರಲ್ಲಿ ಹೋಟ್ಲಿಗೆ ಬೀಗ ಹಾಗೇ ಇದೆ. ಕಂಬ ಬೆಳ್ಳಗೇ ಇದೆ. ಭಾವನ ಬೆರಳು ಇನ್ನು ಯಾರು ತಂದುಕೊಡುತ್ತಾರೆ? ಎಲೆ ಹಾಕುವ ಮುದುಕರೂ ಈಗ ಇಲ್ಲಿಗೇ ಬಂದು ಕೂತು ಮೈಲಿಕಲ್ಲಿಗೆ ಸುಣ್ಣ ಒರೆಸುತ್ತಾರೆ. ಕಲ್ಯಾಣದುರ್ಗ ಇಲ್ಲಿಂದ ಎಷ್ಟು ದೂರ ಅನ್ನೋದು ಯಾರಿಗೂ ಕಾಣುತ್ತಿಲ್ಲ.

ಲೋಕದ ಎಂಥೆಂಥ ವಿಚಿತ್ರಕ್ಕೂ ಟಿಕೆಟ್ಟಿದೆ ಸ್ವಾಮಿ, ನನಗೊಬ್ಬನಿಗೇ ಇಲ್ಲ. ನೀವು ಇಷ್ಟು ಹೊತ್ತು ಬಿಟ್ಟಿಯಾಗೇ ನೋಡಿದಿರಿ. ಅಕ್ಕ ಈ ಕಡೆಯೇ ನೋಡುತ್ತಿದ್ದಾಳೆ, ನನ್ನ ಟೀ ದುಡ್ಡೂ ನೀವೇ ಕೊಟ್ಟುಬಿಡಿ.