ತ್ರಾಸಿಯ ಏಡಿ, ನನ್ನ ತಮ್ಮ

ನನ್ನ ತಮ್ಮ ಎರಡು ವರ್ಷ ಏಡಿಯಾಗಿದ್ದ. ನಗುವವರು ಈಗಲೇ ನಕ್ಕು ಮುಗಿಸಿ. ನನ್ನ ಮೊಮ್ಮಗಳು ನಿನ್ನೆ ನಡೆದಿದ್ದಾಳೆ, ಇವತ್ತು ನಾನು ಯಾರಿಗೂ ಹೆದರುವವಳಲ್ಲ!

ತೊಂಬತ್ತೇಳರಲ್ಲಿ ತ್ರಾಸಿಯ ಹೆದ್ದಾರಿ ಬದಿಗೆ ಒಬ್ಬ ಸಿನಿಮಾ ಹೀರೋ ಹೋಟೆಲು ತೆರೆದ. ಬರೀ ಹೋಟೆಲಲ್ಲ, ಸಮುದ್ರದೊಳಗಿನ ಲೋಕವಂತೆ! ನಿಜವಾದ ಸಮುದ್ರ ರಸ್ತೆಯಾಚೆ ಪುಕ್ಕಟೆ ಬಿದ್ದಿರುವಾಗ ಸಿಮೆಂಟಿನದು ಯಾಕೆ ಬೇಕಿತ್ತೋ? ದೋಣಿಯಂಥ ಮೇಜು, ಆಕ್ಟೋಪಸ್ ಉಯ್ಯಾಲೆ, ಒಳಗೆ ಹೋಗಲು ತಿಮಿಂಗಿಲದ ಬಾಯಿ. ನಮ್ಮ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಇಷ್ಟು ವರ್ಷ ಮೀನು ತಿಂದವರು ನಾವು, ಈಗ ನಾವಾಗಿಯೇ ಮೀನಿನ ಬಾಯಿಗೆ ಹೋಗುವುದೇ ಎಂದು ಅವಳ ವಾದ.

ಏಡಿಯ ವೇಷದಲ್ಲಿ ಮಕ್ಕಳನ್ನು ಸ್ವಾಗತಿಸುವುದು ತಮ್ಮನ ಕೆಲಸ. ಬೆನ್ನಿಗೆ ಕೆಂಪು ಫೈಬರ್ ಚಿಪ್ಪು, ಕೈಗೆ ಸ್ಪಂಜಿನ ಇಕ್ಕಳ. ಸಣ್ಣಂದಿನಿಂದ ಹೊಳೆಯಲ್ಲಿ ಏಡಿ ಹಿಡಿದವನು. ವೇಷ ಕಟ್ಟಿದ ಮೇಲೆ ಅಡ್ಡಡ್ಡವೇ ನಡೆಯತೊಡಗಿದ. ಸಪ್ಲೈಯರುಗಳಿಗೆ ಡಿಕ್ಕಿ ಹೊಡೆದು ಎಷ್ಟು ತಟ್ಟೆ ಒಡೆದನೋ ದೇವರಿಗೇ ಗೊತ್ತು.

ಒಂದು ಭಾನುವಾರ ಹೀರೋ ಸ್ವತಃ ಬಂದ. ಫೋಟೋದವರು ಕಾದು ನಿಂತರು. ಏಡಿ ನೇರ ನಡೆದು ಬಂದು ತನಗೆ ಮಾಲೆ ಹಾಕಬೇಕು ಎಂದ.

"ಹ್ವಾಯ್, ಏಡಿ ಅಡ್ಡವೇ ಹ್ವಾಪ್ದ್. ನೆಟ್ಟಗೆ ಬಪ್ಪ್ದ್ ಬೇಕಾರೆ ಬಂಗ್ಡಿ ಮೀನಿನ್ ವೇಷ ಕಟ್ಸಿ" ಎಂದ ತಮ್ಮ.

ನೆಟ್ಟಗೆ ಬಾ, ಇಲ್ಲವೇ ಮನೆಗೆ ಹೋಗು ಎಂದ ಹೀರೋ. ತಮ್ಮ ಮನೆಗೆ ಹೊರಟ. ಅಡ್ಡವಾಗಿಯೇ! ಚಿಪ್ಪಿನ ಸಮೇತ ಬಸ್ ಸ್ಟಾಪಿನವರೆಗೆ! ಬಸ್ಸಿನ ಬಾಗಿಲಲ್ಲೂ ಅಡ್ಡ ತಿರುಗಿದರೆ ಮಾತ್ರ ಆ ಚಿಪ್ಪು ಒಳಗೆ ಹೋಗುತ್ತಿತ್ತು, ಬೇರೆ ದಾರಿಯಿರಲಿಲ್ಲ. ಚಿಪ್ಪು ಬೆನ್ನಿಗಿರುವಾಗ ಜನ್ಮದಲ್ಲಿ ನೆಟ್ಟಗೆ ಹೆಜ್ಜೆ ಇಡುವುದಿಲ್ಲ ಎಂದು ಅವತ್ತು ನನ್ನೆದುರು ಆಣೆ ಇಟ್ಟ.

ಆಮೇಲೆ ಹೋಟೆಲು ಮುಚ್ಚಿತು. ರಸ್ತೆ ಅಗಲವಾಗುವಾಗ ತಿಮಿಂಗಿಲವೂ ಮಣ್ಣಾಯಿತು. ಚಿಪ್ಪು, ಇಕ್ಕಳ ಮಾತ್ರ ನಮ್ಮ ಮನೆಯಲ್ಲಿವೆ. ಬಿಸಾಡು ಎನ್ನುವವರಿಗೆ ನಾನು ಕೇಳುವುದಿಷ್ಟೆ: ಹೀರೋನಿಗೂ ಬಗ್ಗದವನ ಚಿಪ್ಪು ನಿಮ್ಮ ಮನೆಯಲ್ಲಿದೆಯೇ?

ಈಗ ಮೊಮ್ಮಗಳ ಕಥೆ. ಒಂದೂವರೆ ವರ್ಷ ಕಳೆದರೂ ಗೋಡೆ ಬಿಡಲೊಲ್ಲಳು. ಗೋಡೆ ಹಿಡಿದುಕೊಂಡೇ ಅಡ್ಡಡ್ಡ ಸರಿಯುವಳು. ಕೇರಿಯವರು ಒಬ್ಬೊಬ್ಬರು ಒಂದೊಂದು ಎಣ್ಣೆ ಹೇಳಿದರು. ರಾತ್ರಿ ನನಗೆ ನಿದ್ದೆಯಿಲ್ಲ.

"ಮಗೀಗ್ ಎಂತದೂ ಆಯ್ಲಿಲ್ಲೆ, ಅಕ್ಕಾ. ಅದ್ ಅಡ್ಡ ನಡೂದೇ ಸಮ" ಎಂದ ತಮ್ಮ.

ನಿನ್ನೆ ಬೆಳಿಗ್ಗೆ ಚಿಪ್ಪು, ಇಕ್ಕಳ ಕಟ್ಟಿಕೊಂಡು ಅಂಗಳಕ್ಕಿಳಿದ. ಅತ್ತ ಅವನು ಅಡ್ಡ, ಇತ್ತ ಗೋಡೆ ಬದಿಗೆ ಅವಳೂ ಅಡ್ಡ. ಕಿಲಕಿಲ ನಕ್ಕಳು. ನಗುವ ಭರದಲ್ಲಿ ಗೋಡೆ ಬಿಟ್ಟಳು! ಒಂದು ಹೆಜ್ಜೆ. ಎರಡು. ಮೂರು. ನಾಲ್ಕನೆಯದಕ್ಕೆ ಓಲಾಡಿದಳು.

ನಾನು ಕೂಗುವ ಮೊದಲೇ ನನ್ನ ತಮ್ಮ ಅಂಗಳದುದ್ದ ನೆಟ್ಟಗೆ, ಬಾಣದ ಹಾಗೆ ಓಡಿ ಬಂದು, ಸ್ಪಂಜಿನ ಇಕ್ಕಳದಲ್ಲಿ ಅವಳನ್ನು ಬಾಚಿಕೊಂಡ.

ಮೂಗು ಒರೆಸಿಕೊಳ್ಳೋಣವೆಂದರೆ ಅವನ ಕೈ ತುಂಬ ಮಗು.

"ಅಕ್ಕಾ, ನೆಟ್ಟಗೆ ಓಡ್ದೆ ಅಂದ್ ಯಾರಿಗೂ ಹೇಳ್ಬೇಡ" ಎಂದ.

ಹೇಳುವುದಿಲ್ಲ ಎಂದೆ. ಆದರೆ ಬರೆಯದೆ ಹೇಗಿರಲಿ?